ರವೆ ಇರೋದಂತೂ ನಿಜ

ಸಂಡೇ ಸ್ಕೂಲಲ್ಲಿ ಮತ್ತಾಯ 7ನೇ ಅಧ್ಯಾಯ, ತೀರ್ಪು ಮಾಡಬೇಡಿ ಅಂತ ಶುರುವಾಗೋದು, ಬಾಯಿಪಾಠ ಮಾಡಿಸಿದಾಗ ನನಗೆ ಎಂಟೊಂಬತ್ತು ವರ್ಷ ಇರಬೇಕು. ಆಗ ನನಗಿದ್ದ ಒಂದೇ ಡೌಟು, ಕಣ್ಣೊಳಗೆ ರವೆ ಹೆಂಗೆ ಹೋಗುತ್ತೆ ಅಂತ. ನಮ್ಮ ಹಳೇ ಬೈಬಲಲ್ಲಿ ಹಾಗೇ ಇದೆ ನೋಡಿ, ಸಹೋದರನ ಕಣ್ಣಲ್ಲಿರೋ ರವೆ ಕಾಣುತ್ತೆ, ನಿನ್ನ ಕಣ್ಣಲ್ಲಿರೋ ತೊಲೆ ಯಾಕೆ ಕಾಣಲ್ಲ ಅಂತ. ರವೆ ಅಂದ್ರೆ ನನಗೆ ಉಪ್ಪಿಟ್ಟಿನ ರವೆ, ಅಮ್ಮ ಅದನ್ನ ಹುರಿಯೋವಾಗ ಸ್ವಲ್ಪ ದಿನ ನಾನು ಒಲೆ ಹತ್ರಾನೇ ಹೋಗ್ಲಿಲ್ಲ. ತೊಲೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಸಕಲೇಶಪುರದ ಕಡೆ ನಮ್ಮಜ್ಜಿ ಮನೆ, ಮಂಗಳೂರು ಹೆಂಚಿನ ಮನೆ, ನಡುಮನೇಲಿ ಈ ಗೋಡೆಯಿಂದ ಆ ಗೋಡೆಗೆ ಒಂದು ತೊಲೆ, ಅದಕ್ಕೇ ಬಾಳೆಗೊನೆ ನೇತಾಕ್ತಿದ್ರು, ತೊಟ್ಟಿಲೂ ಅದಕ್ಕೇ ಕಟ್ತಿದ್ರು. ಅಂಥದ್ದು ಒಬ್ಬ ಮನುಷ್ಯನ ಕಣ್ಣಲ್ಲಿ ಅಂದ್ರೆ! ಟೀಚರ್ ಸೀರಿಯಸ್ಸಾಗಿ ಹೇಳ್ಕೊಡ್ತಿದ್ರು, ನಾವು ಹುಡುಗ್ರು ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕು ಸರಿಯಾಗಿ ಬೈಸ್ಕೊಂಡ್ವಿ.

ಈಗ ಅನ್ಸುತ್ತೆ, ನಗಬೇಕಾದ ಜಾಗದಲ್ಲೇ ನಾವು ನಕ್ಕಿದ್ದು. ಬೆಟ್ಟದ ಮೇಲೆ ಕೂತು ಕೇಳ್ತಿದ್ದ ಜನಾನೂ ನಕ್ಕಿರಬೇಕು. ಯಾಕಂದ್ರೆ ಹೇಳ್ತಿರೋ ಯೇಸುಸ್ವಾಮಿ ಬಡಗಿ, ಮಾರ್ಕ 6ರಲ್ಲಿ ಊರಿನೋರೇ ಇವನು ಬಡಗಿ ಅಲ್ವಾ ಅಂತ ಹಗುರವಾಗಿ ಮಾತಾಡ್ತಾರಲ್ಲ. ಗ್ರೀಕಲ್ಲಿ ಆ ಎರಡು ಪದ ಕಾರ್ಫೊಸ್ ಮತ್ತೆ ದೊಕೊಸ್. ಕಾರ್ಫೊಸ್ ಅಂದ್ರೆ ಒಣಗಿದ ಕಡ್ಡಿ ಚೂರು, ಮರದ ಸಿಬರು, ಅಂಥದ್ದು. ದೊಕೊಸ್ ಅಂದ್ರೆ ಚಾವಣಿಗೆ ಹಾಕೋ ತೊಲೆ. ಮರ ಕುಯ್ಯೋ ಜಾಗದಲ್ಲಿ ಕೆಲಸ ಮಾಡಿದೋರಿಗೆ ಕಣ್ಣಿಗೆ ಸಿಬರು ಬೀಳೋದು ದಿನಾ ಆಗೋ ವಿಷಯ, ಯೇಸುಸ್ವಾಮಿಗೂ ಬಿದ್ದಿರುತ್ತೆ, ಯಾರೋ ತೆಗೆದಿರ್ತಾರೆ. ಇದು ಬೈಬಲಲ್ಲಿ ಬರೆದಿಲ್ಲ, ನನ್ನ ಊಹೆ, ಅಯ್ಯನವರು ಕ್ಷಮಿಸಬೇಕು.

ನಮ್ಮಲ್ಲೂ ಇದೇ ಥರ ಒಂದು ಗಾದೆ ಇದೆ, ನಿಮಗೆಲ್ಲ ಗೊತ್ತು, ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ಎಲೇಲಿ ನೊಣ ಹುಡುಕೋದು. ಎರಡೂ ಒಂದೇ ಅಂತ ನಾನು ಬಹಳ ವರ್ಷ ಅಂದ್ಕೊಂಡಿದ್ದೆ, ಪ್ರಸಂಗದಲ್ಲೂ ಹಾಗೇ ಹೇಳಿದೀನಿ. ಆದ್ರೆ ಸ್ವಲ್ಪ ಗಮನಿಸಿ. ಗಾದೆ ಮೂತಿಗೆ ತಿವಿದು ಅಲ್ಲಿಗೆ ಮುಗಿಯುತ್ತೆ, ನಿನ್ನ ಎಲೆ ನೋಡ್ಕೊಂಡು ಊಟ ಮಾಡು ಅಷ್ಟೇ. ಯೇಸುಸ್ವಾಮಿ ಅಲ್ಲಿಗೆ ಬಿಡಲ್ಲ. ಮೊದಲು ನಿನ್ನ ತೊಲೆ ತೆಗೆದುಹಾಕು, ಆಮೇಲೆ ನಿನ್ನ ಸಹೋದರನ ಕಣ್ಣಲ್ಲಿರೋ ರವೆ ತೆಗೆಯೋಕೆ ನಿನಗೆ ಚೆನ್ನಾಗಿ ಕಾಣುತ್ತೆ ಅಂತಾರೆ. ಅಂದ್ರೆ ರವೆ ಅಲ್ಲೇ ಇರಲಿ ಅಂತ ಎಲ್ಲೂ ಹೇಳಿಲ್ಲ. ರವೆ ಇಲ್ಲ, ನೀನು ಸುಮ್ನೆ ಕಲ್ಪಿಸ್ಕೊಂಡೆ ಅಂತಾನೂ ಹೇಳಿಲ್ಲ. ಇದೊಂದನ್ನ ತಲೇಲಿ ಇಟ್ಕೊಂಡಿರಿ, ಇವತ್ತು ನಾನು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರ್ತೀನಿ.

ಅದಕ್ಕೂ ಮೊದಲು ಅಳತೆ ವಿಷಯ. ನೀವು ಅಳೆಯೋ ಅಳತೆಯಿಂದಲೇ ನಿಮಗೂ ಅಳೀತಾರೆ ಅಂತ ಎರಡನೇ ವಚನದಲ್ಲಿದೆ. ಸೇರು ಪಾವು ನೋಡಿದೋರು ಇಲ್ಲಿ ಇನ್ನೂ ಒಂದಷ್ಟು ಜನ ಇದೀರಿ. ಅಜ್ಜಿ ಮನೇಲಿ ಸಾಲಕ್ಕೆ ಅಕ್ಕಿ ಕೊಡೋವಾಗ ಸೇರಿನ ಬಾಯಿ ಮಟ್ಟಕ್ಕೆ ಕೈಯಾಡಿಸಿ ಸಮ ಮಾಡಿ ಕೊಡೋರು, ವಾಪಸ್ ಇಸ್ಕೊಳೋವಾಗ ಗುಡ್ಡೆ ಇರಬೇಕು. ಸೇರು ಅದೇ, ಕೈ ಬೇರೆ. ಬೇರೆಯವರು ಲೇಟಾಗಿ ಬಂದ್ರೆ ಬೇಜವಾಬ್ದಾರಿ, ನಾನು ಲೇಟಾಗಿ ಬಂದ್ರೆ ಟ್ರಾಫಿಕ್ಕು. ಅವರ ಮಗಳು ಹೇಳ್ದೆ ಕೇಳ್ದೆ ಮದುವೆ ಆದ್ರೆ ಸಾಕಿದ ರೀತಿ ಸರಿಯಿಲ್ಲ, ನಮ್ಮನೇಲಿ ಆದ್ರೆ ದೇವರ ಚಿತ್ತ.

ಲೂಕ 6:38 ನಮ್ಮ ಸಭೆಗಳಲ್ಲಿ ಯಾವಾಗ ಓದ್ತೀವಿ ಹೇಳಿ? ಕಾಣಿಕೆ ಎತ್ತೋವಾಗ. ಕೊಡಿರಿ ಆಗ ನಿಮಗೂ ಕೊಡ್ತಾರೆ, ಜಡಿದು ಅಲ್ಲಾಡಿಸಿ ಹೊರಗೆ ಚೆಲ್ಲೋ ಹಾಗೆ ಸೆರಗಿಗೆ ಹಾಕ್ತಾರೆ ಅಂತ ಓದಿ ಚೀಲ ಮುಂದಕ್ಕೆ ಕಳಿಸ್ತೀವಿ. ನಾನು ಖಜಾಂಚಿ ಆಗಿದ್ದೋನು, ಆ ವಚನ ಓದಿದ ದಿನ ಚೀಲ ಸ್ವಲ್ಪ ಭಾರ ಇರೋದೂ ನಿಜ. ಆದ್ರೆ ಅದರ ಹಿಂದಿನ ವಚನ ಏನು? 37. ತೀರ್ಪು ಮಾಡಬೇಡಿ, ಅಪರಾಧಿ ಅಂತ ನಿರ್ಣಯಿಸಬೇಡಿ, ಕ್ಷಮಿಸಿ. ಅದರ ಬೆನ್ನಿಗೇ ಕೊಡಿರಿ ಅಂತ ಬರುತ್ತೆ. ಸಮ ಮಾಡೋ ಕೈ ಬೇಡ, ಗುಡ್ಡೆ ಮಾಡೋ ಕೈ ಇರಲಿ, ಮನುಷ್ಯರ ವಿಷಯದಲ್ಲಿ. ಅದನ್ನ ನಾವು ನೋಟಿನ ವಿಷಯ ಮಾಡ್ಬಿಟ್ವಿ, ನೋಟು ಕೊಡೋದು ಸುಲಭ ಅದಕ್ಕೆ.

ಈಗ ಶೀಲೋವಿಗೆ ಹೋಗೋಣ, 1 ಸಮುವೇಲ ಮೊದಲನೇ ಅಧ್ಯಾಯ. ಹನ್ನ ಮಕ್ಕಳಿಲ್ಲದೆ ಅಳ್ತಾ ದೇವಾಲಯಕ್ಕೆ ಬಂದು ಪ್ರಾರ್ಥನೆ ಮಾಡ್ತಿದಾಳೆ, ತುಟಿ ಅಲ್ಲಾಡ್ತಿದೆ, ಸ್ವರ ಬರ್ತಿಲ್ಲ. ಬಾಗಿಲ ಹತ್ರ ಪೀಠದ ಮೇಲೆ ಯಾಜಕ ಏಲಿ ಕೂತಿದಾನೆ. ನೋಡಿದ, ಕುಡಿದಿದಾಳೆ ಅಂತ ತೀರ್ಮಾನ ಮಾಡಿದ, ಎಷ್ಟು ಹೊತ್ತು ಅಮಲಲ್ಲಿರ್ತೀಯ ಅಂತ ಬೈದೂ ಬಿಟ್ಟ. ಆ ಹೆಂಗಸು ಮನೇಲಿ ಸವತಿ ಪೆನಿನ್ನ ಕೈಲಿ ವರ್ಷ ವರ್ಷ ಚುಚ್ಚಿಸ್ಕೊಂಡು, ಇಲ್ಲಾದ್ರೂ ಅಳಬಹುದು ಅಂತ ಬಂದಿರೋಳು, ಇಲ್ಲೂ ಅದೇ. ಏನ್ ಹೇಳ್ತಾಳೆ, ಹಾಗಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನಸ್ಸಲ್ಲಿರೋದನ್ನ ದೇವರ ಮುಂದೆ ಸುರೀತಿದೀನಿ ಅಂತಾಳೆ.

ಇಲ್ಲಿವರೆಗೆ ಎಲ್ರೂ ಹೇಳ್ತಾರೆ. ಒಂದು ಪುಟ ತಿರುಗಿಸಿ, ಎರಡನೇ ಅಧ್ಯಾಯ. ಏಲಿಯ ಇಬ್ಬರು ಗಂಡು ಮಕ್ಕಳು, ಹೊಫ್ನಿ ಮತ್ತೆ ಫೀನೆಹಾಸ, ಅದೇ ಆಲಯದಲ್ಲಿ ಯಾಜಕರು. ಜನ ಯಜ್ಞದ ಮಾಂಸ ಬೇಯಿಸ್ತಿದ್ರೆ ಅವರ ಆಳು ಮೂರು ಮುಳ್ಳಿನ ಕೊಕ್ಕೆ ತಂದು ಪಾತ್ರೆಗೆ ಹಾಕಿ ಬಂದಷ್ಟು ಎತ್ಕೊಂಡು ಹೋಗೋನು, ಕೊಡಲ್ಲ ಅಂದ್ರೆ ಜುಲುಮೆ. ಹೆಂಗಸರ ವಿಷಯದಲ್ಲೂ ಅವರು ಕೆಟ್ಟಿದ್ರು. ಒಬ್ಬ ಹೆಂಗಸಿನ ತುಟಿ ಅಲ್ಲಾಡೋದು ಬಾಗಿಲಿಂದ ಕಾಣ್ಸುತ್ತೆ, ಮಕ್ಕಳ ಕೈಲಿರೋ ಕೊಕ್ಕೆ ಕಾಣಲ್ಲ. ಅವರಿಗೂ ಆಮೇಲೆ ಬುದ್ಧಿ ಹೇಳ್ತಾನೆ, ಹೇಳಿಲ್ಲ ಅಂತಲ್ಲ, ಆದ್ರೆ ತಡೀಲಿಲ್ಲ. ಇನ್ನೊಂದು ಪುಟ ಹೋದ್ರೆ ಏಲಿಯ ಕಣ್ಣು ಮಬ್ಬಾಗಿತ್ತು ಅಂತ ಬರ್ದಿದೆ, ವಯಸ್ಸಿನ ಮಬ್ಬು ಅಂತಾನೇ ಇರಬಹುದು, ನನಗೆ ಮಾತ್ರ ಅದನ್ನ ಓದುವಾಗೆಲ್ಲ ತೊಲೆ ಜ್ಞಾಪಕ ಬರುತ್ತೆ.

ಏಲಿಗೆ ಒಂದು ಮಾರ್ಕ್ಸ್ ಕೊಡಲೇಬೇಕು. ಅವಳು ಮಾತಾಡಿದ ಮೇಲೆ ಹಠ ಹಿಡೀಲಿಲ್ಲ. ಇಲ್ಲ ಇಲ್ಲ, ನಾನು ನೋಡಿದೀನಿ, ನನಗೆ ಗೊತ್ತು ಅನ್ನಲಿಲ್ಲ. ಸಮಾಧಾನದಿಂದ ಹೋಗು, ದೇವರು ನಿನ್ನ ಬೇಡಿಕೆ ನೆರವೇರಿಸಲಿ ಅಂದ. ಅಷ್ಟು ದೊಡ್ಡ ಕುರ್ಚೀಲಿ ಕೂತು, ಒಂದು ನಿಮಿಷದ ಹಿಂದೆ ಬೈದೋಳಿಗೆ ಆಶೀರ್ವಾದ ಮಾಡೋದು ಸುಲಭ ಅಲ್ಲ. ನಮ್ಮ ಕಮಿಟಿ ಮೀಟಿಂಗಲ್ಲಿ ಹಾಗಾಗಿದ್ದು ನಾನಂತೂ ನೋಡಿಲ್ಲ, ಮಿನಿಟ್ಸ್ ಬುಕ್ಕಲ್ಲಿ ಬರೆದ ಮೇಲೆ ಮುಗೀತು.

ತೀರ್ಪು ಮಾಡಬೇಡಿ ಅನ್ನೋದಕ್ಕೆ ನಾವು ಸಾಮಾನ್ಯವಾಗಿ ಹೇಳೋ ಕಥೆಗಳೆಲ್ಲ ಹನ್ನಳ ಕಥೆ ಥರಾನೇ ಇರ್ತವೆ, ಗಮನಿಸಿದೀರಾ? ಯಾರನ್ನೋ ತಪ್ಪು ತಿಳ್ಕೊಂಡ್ವಿ, ಆಮೇಲೆ ನೋಡಿದ್ರೆ ಪಾಪ ಅವರು ಒಳ್ಳೆಯವರು, ಮನೇಲಿ ಏನೋ ಕಷ್ಟ ಇತ್ತು. ವಾಟ್ಸಾಪಲ್ಲಿ ಇಂಥ ಕಥೆ ವಾರಕ್ಕೆ ನಾಲ್ಕು ಬರುತ್ತೆ, ಓದಿ ಕಣ್ಣಲ್ಲಿ ನೀರು ತಂದ್ಕೊಂಡು ಫಾರ್ವರ್ಡ್ ಮಾಡ್ತೀವಿ. ಹಾಗಾದ್ರೆ ನಾವು ತಿಳ್ಕೊಂಡಿದ್ದು ಸರಿ ಇದ್ರೆ? ನಿಜವಾಗ್ಲೂ ಕುಡಿದಿದ್ರೆ? ಆಗ ತೀರ್ಪು ಮಾಡಬಹುದಾ? ನನಗಾಗಿದ್ದು ಹಾಗೆ, ಅದನ್ನ ಹೇಳ್ತೀನಿ.

ನಾನು 31 ವರ್ಷ ಹೈಸ್ಕೂಲ್ ಮೇಷ್ಟ್ರು. ಕೆಂಪು ಪೆನ್ನು ಹಿಡ್ಕೊಂಡೇ ಆಯಸ್ಸು ಕಳೆದೋನು, ಮದುವೆ ಕಾರ್ಡ್ ಬಂದ್ರೂ ಮೊದಲು ಒತ್ತಕ್ಷರ ಸರಿ ಇದೆಯಾ ಅಂತ ನೋಡೋ ಜಾತಿ. ರಿಟೈರ್ ಆದ್ಮೇಲೆ ಸಭೇಲಿ ಖಜಾಂಚಿ ಮಾಡಿದ್ರು. ಒಂದು ಕ್ರಿಸ್ಮಸ್ಸಿಗೆ ಮುಂಚೆ ಸಂಡೇ ಸ್ಕೂಲ್ ರೂಮಿಗೆ ಬಣ್ಣ ಹೊಡೆಸೋದು ಅಂತಾಯ್ತು, ನಮ್ಮ ಸಭೆಯವನೇ ಒಬ್ಬ ಪೇಂಟರ್ ಇದ್ದ, ಹೆಸರು ಬೇಡ, ಅವನಿಗೆ ನಾಲ್ಕು ಸಾವಿರ ಅಡ್ವಾನ್ಸ್ ಕೊಟ್ವಿ. ಮೂರು ಗೋಡೆ ಹೊಡೆದ, ನಾಲ್ಕನೇ ಗೋಡೆ ಅರ್ಧ ಮಾಡಿ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಕ್ರಿಸ್ಮಸ್ ಪ್ರೋಗ್ರಾಂ ಬಂತು, ಗೋಡೇಲಿ ಬ್ರಶ್ಶು ನಿಂತ ಜಾಗ ಕಾಣ್ತಿತ್ತು, ಮೇಲಿಂದ ಕೆಳಗೆ ಬಂದು ಸೊಂಟದ ಎತ್ತರಕ್ಕೆ ಓರೆಯಾಗಿ ನಿಂತಿತ್ತು, ಅದರ ಮುಂದೇನೇ ಮಕ್ಕಳನ್ನ ದೇವದೂತರ ಡ್ರೆಸ್ ಹಾಕಿ ನಿಲ್ಲಿಸಿದ್ವಿ.

ಜನವರಿ ಮೀಟಿಂಗಲ್ಲಿ ಎಂಟು ಜನ ಇದ್ವಿ. ನಾನು ಲೆಕ್ಕದ ಪುಸ್ತಕ ತೆಗೆದು, ಇಂಥೋರ ಕೈಗೆ ದುಡ್ಡು ಕೊಟ್ರೆ ಸೀದಾ ಬಾರಿಗೆ ಹೋಗುತ್ತೆ ಅಂತ ನಾನು ಆವತ್ತೇ ಹೇಳಿದ್ದೆ, ನೀವ್ಯಾರೂ ಕೇಳಲಿಲ್ಲ ಅಂದೆ. ಇಂಥೋರು. ಆ ಪದ ನೋಡಿ. ಅವನ ಅಪ್ಪನ ಕಥೆ ಒಬ್ಬರು ತೆಗೆದ್ರು, ಇನ್ನೊಬ್ಬರು ಹೆಂಡ್ತಿ ಒಡವೆ ಅಡ ಇಟ್ಟಿದ್ದು ಹೇಳಿದ್ರು, ಟೀ ಬಂತು, ಬನ್ ಬಂತು. ಒಂದು ಗಂಟೆ ಅದೇ ಮಾತು. ಮನೆಗೆ ಹೋಗೋವಾಗ ನನಗೆ ಒಂಥರಾ ಖುಷಿಯಾಗಿತ್ತು, ಸುಳ್ಳು ಹೇಳಲ್ಲ, ನಾಲ್ಕು ಸಾವಿರ ಹೋಗಿದ್ದಕ್ಕೆ ಬೇಜಾರಾಗೋದು ಬಿಟ್ಟು ನಾನು ಹೇಳಿದ್ದು ನಿಜ ಆಯ್ತಲ್ಲ ಅಂತ ಖುಷಿ.

ಈಗ ನೀವು ಕಾಯ್ತಿದೀರಿ, ಅವನು ಹೆಂಡ್ತಿ ಆಪರೇಷನ್‌ಗೆ ದುಡ್ಡು ಕಟ್ಟಿದ್ದ ಅಂತ ಹೇಳ್ತೀನಿ ಅಂತ. ಇಲ್ಲ. ಅವನು ಕುಡಿದೇ ಹಾಳು ಮಾಡಿದ್ದ. ನಾನು ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು. ಆದ್ರೂ ಆ ರೂಮಲ್ಲಿ ನಡೆದಿದ್ದು ತಪ್ಪು ಅಂತ ಗೊತ್ತಾಗೋಕೆ ನನಗೆ ಬಹಳ ದಿನ ಹಿಡೀತು. ಆ ಕಥೆ ಅಲ್ಲೇ ಇರಲಿ, ಆಮೇಲೆ ಬರ್ತೀನಿ.

ಯೋಹಾನ 8. ಕಲ್ಲು ಹಿಡ್ಕೊಂಡು ಬಂದ ಜನ. ಬಹಳ ಹಳೇ ಕೈಬರಹದ ಪ್ರತಿಗಳಲ್ಲಿ ಈ ಭಾಗ ಇಲ್ಲ, ಅದನ್ನ ಮುಚ್ಚಿಡಬೇಕಾಗಿಲ್ಲ, ಆದ್ರೂ ಸಭೆ ಇದನ್ನ ಬಿಟ್ಟುಕೊಡದೆ ಉಳಿಸ್ಕೊಂಡು ಬಂದಿದೆ. ಆ ಹೆಂಗಸು ವ್ಯಭಿಚಾರದಲ್ಲಿ ಸಿಕ್ಕಿಬಿದ್ದಿದ್ದು ನಿಜ. ಅವಳು ಇಲ್ಲ ಅನ್ನಲ್ಲ, ಯೇಸುಸ್ವಾಮೀನೂ ಇಲ್ಲ ಅನ್ನಲ್ಲ. ಯಾಜಕಕಾಂಡ 20:10ರಲ್ಲಿ ಗಂಡಸು ಹೆಂಗಸು ಇಬ್ಬರಿಗೂ ಶಿಕ್ಷೆ ಅಂತ ಇದೆ, ಹಾಗಾದ್ರೆ ಆ ಗಂಡಸೆಲ್ಲಿ? ಅವನನ್ನ ಯಾಕೆ ಎಳ್ಕೊಂಡು ಬರಲಿಲ್ಲ? ಗುಡ್ಡೆ ಸೇರು ಮಟ್ಟ ಸೇರು ಅಂದ್ನಲ್ಲ, ಅದೇ. ಪಾಪ ಇಲ್ಲದೋನು ಮೊದಲನೇ ಕಲ್ಲು ಹಾಕಲಿ ಅಂದಾಗ ವಯಸ್ಸಾದೋರಿಂದ ಶುರುವಾಗಿ ಒಬ್ಬೊಬ್ಬರೇ ಜಾಗ ಖಾಲಿ ಮಾಡ್ತಾರೆ. ವಯಸ್ಸಾದೋರಿಗೆ ಲೆಕ್ಕ ಉದ್ದ ಇರುತ್ತೆ ಪಾಪ. ಆಮೇಲೆ ಯೇಸುಸ್ವಾಮಿ ಎರಡು ಮಾತು ಹೇಳ್ತಾರೆ, ನಾನೂ ನಿನಗೆ ಶಿಕ್ಷೆ ವಿಧಿಸಲ್ಲ ಅನ್ನೋದು ಒಂದು, ಹೋಗು ಇನ್ನು ಮೇಲೆ ಪಾಪ ಮಾಡಬೇಡ ಅನ್ನೋದು ಇನ್ನೊಂದು. ನಮ್ಮಲ್ಲಿ ಕೆಲವರು ಮೊದಲನೇದನ್ನ ಮಾತ್ರ ಹೇಳ್ತಾರೆ, ಕೆಲವರು ಎರಡನೇದನ್ನ ಮಾತ್ರ. ನನಗೆ ಹಿಡಿಸಿದ್ದು ಹೇಳಿದ ಹೊತ್ತು. ಗುಂಪೆಲ್ಲ ಕರಗಿ ಇಬ್ಬರೇ ಉಳಿದ ಮೇಲೆ ಹೇಳಿದ್ರು. ಅಷ್ಟು ಜನರ ಮುಂದೆ ಬಗ್ಗಿ ನೆಲದ ಮೇಲೆ ಏನೋ ಗೀಚ್ತಾ ಇದ್ರು, ಅವಳ ಪಾಪದ ಬಗ್ಗೆ ಒಂದು ಮಾತೂ ಇಲ್ಲ. ಮತ್ತಾಯ 18:15ರಲ್ಲೂ ಅದೇ, ಸಹೋದರ ತಪ್ಪು ಮಾಡಿದ್ರೆ ನೀನೂ ಅವನೂ ಇಬ್ಬರೇ ಇರುವಾಗ ಹೇಳು. ನಮ್ಮದು ಉಲ್ಟಾ, ಅವನೊಬ್ಬನನ್ನ ಬಿಟ್ಟು ಊರಿಗೆಲ್ಲ ಹೇಳಿರ್ತೀವಿ.

ಹೇಳೋದಕ್ಕೂ ಒಂದು ಉಪಾಯ ಇದೆ. ಊರೀಯನನ್ನ ಕೊಲ್ಲಿಸಿ ಅವನ ಹೆಂಡತೀನ ತಂದಿಟ್ಕೊಂಡ ರಾಜ ದಾವೀದನ ಹತ್ರ ಪ್ರವಾದಿ ನಾತಾನ ಹೋಗ್ತಾನಲ್ಲ, ಸುಮ್ನೆ ಒಂದು ಕುರಿ ಕಥೆ ಹೇಳ್ತಾನೆ. ಬಡವನ ಹತ್ರ ಒಂದೇ ಕುರಿಮರಿ, ಅವನ ತಟ್ಟೇಲೇ ತಿಂದು ಮಗಳ ಥರ ಬೆಳೆದಿದ್ದು, ಪಕ್ಕದ ಸಾಹುಕಾರ ನೆಂಟರು ಬಂದ್ರು ಅಂತ ಅದನ್ನ ಹಿಡಿದು ಅಡುಗೆ ಮಾಡಿಸ್ದ. ದಾವೀದನಿಗೆ ಸಿಟ್ಟು ನೆತ್ತಿಗೇರುತ್ತೆ. ಅವನು ಸಾಯಬೇಕು, ಒಂದಕ್ಕೆ ನಾಲ್ಕು ಕೊಡಬೇಕು ಅಂತಾನೆ. ಈಗ ಕಾನೂನು ನೋಡಿ, ವಿಮೋಚನಕಾಂಡ 22:1, ಕುರಿ ಕದ್ದೋನು ಒಂದಕ್ಕೆ ನಾಲ್ಕು ಕೊಡಬೇಕು. ಅಷ್ಟೇ. ಸಾಯಬೇಕು ಅಂತ ಎಲ್ಲೂ ಇಲ್ಲ. ಹಾಗಾದ್ರೆ ಆ ಎಕ್ಸ್‌ಟ್ರಾ ಸಿಟ್ಟು ಎಲ್ಲಿಂದ ಬಂತು? ಒಳಗೆ ಕೊಳೀತಾ ಇರೋದನ್ನ ಇನ್ನೊಬ್ಬನ ಮೇಲೆ ಸುರಿದಾಗ ಶಿಕ್ಷೆ ಯಾವಾಗ್ಲೂ ಜಾಸ್ತೀನೇ ಆಗುತ್ತೆ. ಯಾರ ಮೇಲಾದ್ರೂ ನನಗೆ ಅವರ ತಪ್ಪಿಗಿಂತ ಹೆಚ್ಚು ಸಿಟ್ಟು ಬಂದಾಗ ಈಗೀಗ ನಾನು ಸ್ವಲ್ಪ ನಿಂತು ನೋಡ್ತೀನಿ, ನಾಲ್ಕು ಕುರಿಯಲ್ಲಿ ಮುಗಿಯೋದಕ್ಕೆ ನಾನ್ಯಾಕೆ ಕುತ್ತಿಗೆ ಕೇಳ್ತಿದೀನಿ ಅಂತ. ನೀನೇ ಆ ಮನುಷ್ಯ ಅಂತ ನಾತಾನ ಹೇಳಿದ್ದು ಕಥೆ ಮುಗಿದ ಮೇಲೆ, ಅರಮನೆ ಒಳಗೆ, ಮುಖಕ್ಕೇ.

ಈಜಿಪ್ಟಿನ ಮರಳುಗಾಡಲ್ಲಿ ಸ್ಕೀಟಿಸ್ ಅಂತ ಸನ್ಯಾಸಿಗಳ ಜಾಗ, ನಾಲ್ಕನೇ ಶತಮಾನದಲ್ಲಿ ಅಲ್ಲಿ ಮೋಸೆಸ್ ಅಂತ ಒಬ್ಬರು ಇದ್ರು, ಇಥಿಯೋಪಿಯಾ ಮೂಲದೋರು, ಮೊದಲು ದರೋಡೆಕೋರರು. ಒಬ್ಬ ತಮ್ಮ ಸನ್ಯಾಸಿ ತಪ್ಪು ಮಾಡಿದ ಅಂತ ಪಂಚಾಯ್ತಿ ಸೇರಿಸಿದ್ರು, ಇವರು ಬರಲ್ಲ ಅಂದ್ರು, ಬಲವಂತಕ್ಕೆ ಹೊರಟ್ರು. ತೂತು ಬಿದ್ದ ಒಂದು ಗಡಿಗೇಲಿ ನೀರು ತುಂಬಿ ಹೊತ್ಕೊಂಡು ಬಂದ್ರಂತೆ, ಮರಳಿನ ಬುಟ್ಟಿ ಅಂತಾನೂ ಹೇಳ್ತಾರೆ. ಏನಿದು ಅಂತ ಕೇಳಿದ್ರೆ, ನನ್ನ ಪಾಪ ನನ್ನ ಹಿಂದೆ ಸುರೀತಾ ಬರ್ತಿದೆ, ನನಗೆ ಕಾಣ್ತಿಲ್ಲ, ಇನ್ನೊಬ್ಬನ ತಪ್ಪು ವಿಚಾರಿಸೋಕೆ ಬಂದಿದೀನಿ ಅಂದ್ರಂತೆ. ಪಂಚಾಯ್ತಿ ಅಲ್ಲಿಗೇ ನಿಂತಿತು. ನಮ್ಮೂರಾಗಿದ್ರೆ ನೀರು ಸುರಿದು ಹಾಳಾಯ್ತಲ್ಲ ಅಂತ ಅವರ ಮೇಲೇ ಇನ್ನೊಂದು ಪಂಚಾಯ್ತಿ ಆಗಿರೋದು.

ಈಗ ನಮ್ಮ ನಮ್ಮಲ್ಲೇ ನಡೆಯೋ ಒಂದು ವಿಷಯಕ್ಕೆ ಬರ್ತೀನಿ, ಕೋಪ ಮಾಡ್ಕೋಬೇಡಿ. ಒಡವೆ, ಹೂವು, ಕಾಲುಂಗುರ. ಕೆಲವು ಸಭೆಗಳಲ್ಲಿ ದೀಕ್ಷಾಸ್ನಾನ ಆದ್ಮೇಲೆ ಓಲೆ ಬಳೆ ಎಲ್ಲಾ ತೆಗೆದಿಡ್ತಾರೆ, ಬಿಳಿ ಸೀರೆ. ಇನ್ನು ಕೆಲವು ಕಡೆ ಶಿಲುಬೆ ತಾಳಿ, ಮಲ್ಲಿಗೆ ಹೂ, ರೇಷ್ಮೆ ಸೀರೆ, ಎಲ್ಲಾ ಇದೆ. ಒಂದೇ ಮನೇಲಿ ಅಕ್ಕ ಆ ಕಡೆ ತಂಗಿ ಈ ಕಡೆ ಇರ್ತಾರೆ. ಹಬ್ಬಕ್ಕೆ ಸೇರಿದಾಗ ಅಕ್ಕ ಮನಸ್ಸಲ್ಲಿ ಅಂದ್ಕೋತಾಳೆ, ಇವಳಿಗೆ ಇನ್ನೂ ಲೋಕದ ಆಸೆ ಹೋಗಿಲ್ಲ. ತಂಗಿ ಅಂದ್ಕೋತಾಳೆ, ಇವಳದ್ದು ಅತಿಯಾಯ್ತು, ಬೋಳು ಕಿವಿ ಇಟ್ಕೊಂಡು ಪರಲೋಕಕ್ಕೆ ಹೋಗ್ತಾಳಂತೆ.

ರೋಮಾಪುರದ ಸಭೇಲಿ ಇದೇ ಥರ ಊಟದ ವಿಷಯಕ್ಕೆ ಆಗಿತ್ತು. ಅಪೊಸ್ತಲ ಪೌಲ ಆ ಸಭೆಗೆ ಪತ್ರ ಬರೆದಿದ್ದು ಕ್ರಿ.ಶ. 50ರ ದಶಕದಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಚಕ್ರವರ್ತಿ ಕ್ಲೌದಿಯ ಯೆಹೂದ್ಯರು ರೋಮಾಪುರ ಬಿಟ್ಟು ಹೋಗಬೇಕು ಅಂತ ಆಜ್ಞೆ ಮಾಡಿದ್ದ, ಅಪೊಸ್ತಲರ ಕೃತ್ಯಗಳು 18ರಲ್ಲಿ ಅಕ್ವಿಲ ಪ್ರಿಸ್ಕಿಲ್ಲ ದಂಪತಿ ಕೊರಿಂಥಕ್ಕೆ ಬಂದಿದ್ದು ಹಾಗೇ. ಅವರೆಲ್ಲ ವಾಪಸ್ ಬರೋ ಹೊತ್ತಿಗೆ ಸಭೇಲಿ ಬೇರೆ ಜನ, ಬೇರೆ ಊಟ, ಬೇರೆ ರೂಢಿ. ಒಬ್ಬ ಏನು ಬೇಕಾದ್ರೂ ತಿಂತಾನೆ, ಇನ್ನೊಬ್ಬ ಬರೀ ಸೊಪ್ಪು ತರಕಾರಿ. ಆ ಪತ್ರದ 14ನೇ ಅಧ್ಯಾಯದ ಮೂರನೇ ವಚನದಲ್ಲಿ ಪೌಲ ಎರಡು ಕಡೆಯವರಿಗೂ ಬೇರೆ ಬೇರೆ ಪದ ಬಳಸ್ತಾನೆ, ಇದು ನನಗೆ ತಡವಾಗಿ ಕಣ್ಣಿಗೆ ಬಿತ್ತು. ತಿನ್ನೋನು ತಿನ್ನದವನನ್ನ ಹೀನೈಸಬಾರದು, ತಿನ್ನದವನು ತಿನ್ನೋನ ಮೇಲೆ ತೀರ್ಪು ಮಾಡಬಾರದು. ಕಟ್ಟುನಿಟ್ಟಿನವರ ರೋಗ ತೀರ್ಪು, ಸಡಿಲ ಇರೋರ ರೋಗ ತಾತ್ಸಾರ. ನಾವು ಓದಿದೋರು, ನಾವು ಯಾರನ್ನೂ ಜಡ್ಜ್ ಮಾಡಲ್ಲಪ್ಪ ಅಂತೀವಲ್ಲ, ಹಾಗನ್ನೋವಾಗ ಮೂಗಿನ ಹತ್ರ ಒಂದು ಸಣ್ಣ ನಗು ಇರುತ್ತೆ, ಪೌಲ ಹಿಡಿದಿದ್ದು ಅದನ್ನ. ಇನ್ನೊಬ್ಬರ ಮನೆ ಕೆಲಸದವನಿಗೆ ತೀರ್ಪು ಹೇಳೋಕೆ ನೀನ್ಯಾರು ಅಂತ ಮುಂದಿನ ವಚನದಲ್ಲೇ ಕೇಳ್ತಾನೆ. ಅವಳು ನಿನ್ನ ಮನೆ ಆಳಲ್ಲ, ಅವಳ ಯಜಮಾನ ಬೇರೆ ಇದಾನೆ, ಓಲೆ ಹಾಕಿದ್ರೂ ತೆಗೆದ್ರೂ ಅವನಿಗೆ ಉತ್ತರ ಹೇಳ್ಕೋತಾಳೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು, ಯಾಕಂದ್ರೆ ಈ ವಚನವನ್ನ ಗುರಾಣಿ ಮಾಡ್ಕೊಳೋರು ಇದಾರೆ. ಸಭೆ ದುಡ್ಡು ತಿಂದೋನು, ಹೆಂಡ್ತಿಗೆ ಹೊಡೆಯೋನು, ಮಕ್ಕಳ ಮೈಮೇಲೆ ಕೈ ಹಾಕಿದೋನು ಎದ್ದು ನಿಂತು ತೀರ್ಪು ಮಾಡಬೇಡಿ ಅಂತ ಬೈಬಲ್ ಹೇಳುತ್ತೆ ಅಂದ್ರೆ, ಅದೇ ಮತ್ತಾಯ 7ನೇ ಅಧ್ಯಾಯದ 15ನೇ ವಚನ ಓದಿ ಅವನಿಗೆ, ಕುರಿ ವೇಷದ ತೋಳಗಳ ಬಗ್ಗೆ ಎಚ್ಚರ ಅಂತ ಇದೆ. ಫಲ ನೋಡಿ ಮರ ತಿಳ್ಕೊಳಿ ಅಂತ ಇದೆ. ಮಕ್ಕಳ ವಿಷಯದಲ್ಲಂತೂ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೋರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಇರೋದೇ ಅಪರಾಧ. ಅಯ್ಯನವರಾದ್ರೂ ಅಷ್ಟೇ, ಖಜಾಂಚಿ ಆದ್ರೂ ಅಷ್ಟೇ. ಪ್ರಾರ್ಥನೆ ಮಾಡಿ ಒಳಗೊಳಗೇ ಮುಗಿಸೋಣ ಅನ್ನೋದು ಕ್ಷಮೆ ಅಲ್ಲ, ಆ ಮಗುವಿನ ಮೇಲೆ ಎರಡನೇ ಸಲ ಮಾಡೋ ಅನ್ಯಾಯ. ನೊಂದೋರನ್ನ ಕಾಯೋದಕ್ಕೂ ತೀರ್ಪು ಮಾಡೋದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ನಾವು ದಿನಾ ಮಾಡೋ ತೀರ್ಪು ಯಾವುದು? ಬಹಳ ಸಲ ಅದಕ್ಕೆ ಪ್ರಾರ್ಥನೆ ವಿಷಯ ಅಂತ ಹೆಸರು. ಸಿಸ್ಟರ್, ಯಾರಿಗೂ ಹೇಳ್ಬೇಡಿ, ಬರೀ ಪ್ರಾರ್ಥನೆಗೋಸ್ಕರ ಹೇಳ್ತಿದೀನಿ, ಅವರ ಮಗ ಹೀಗಂತೆ. ಇಂಥ ಪ್ರಾರ್ಥನೆ ವಿಷಯ ನಮ್ಮ ಸಭೇಲಿ ಪೂರ್ತಿ ಒಂದು ಸುತ್ತು ಬರೋಕೆ ಭಾನುವಾರದಿಂದ ಬುಧವಾರದವರೆಗೆ ಸಾಕು, ಬುಧವಾರ ಉಪವಾಸ ಕೂಟದಲ್ಲಿ ಅದೇ ವಿಷಯ ಹೇಳಿದೋರಿಗೇ ವಾಪಸ್ ಬಂದು ತಲುಪಿರುತ್ತೆ, ಸ್ವಲ್ಪ ದಪ್ಪ ಆಗಿ. ಗಂಡಸರು ನಗಬೇಡಿ, ನಮ್ಮದು ಗೇಟ್ ಹತ್ರ ಬೈಕ್ ಮೇಲೆ ಕೂತು ನಡೆಯುತ್ತೆ ಅಷ್ಟೇ.

ಅಜ್ಜಿ ಮನೆ ವಿಷಯ ಹೇಳ್ತಿದ್ನಲ್ಲ. ಭತ್ತ ತೂರೋ ಕಾಲ, ಕಣದಲ್ಲಿ ಗಾಳಿಗೆ ಹೊಟ್ಟು ಹಾರಿ ನನ್ನ ಕಣ್ಣಿಗೆ ಬಿತ್ತು. ಉಜ್ಜಿದಷ್ಟೂ ಉರಿ. ಅಳ್ತಾ ಓಡಿ ಬಂದೆ. ಅಜ್ಜಿ ಅಡುಗೆ ಮನೇಲಿ ಹಸಿಮೆಣಸಿನಕಾಯಿ ಹಚ್ತಿದ್ರು. ಉಜ್ಬೇಡ ಕಣೋ, ಇರು, ಖಾರದ ಕೈ ತೊಳ್ಕೊಂಡು ಬರ್ತೀನಿ ಅಂದ್ರು. ನನಗೋ ಜೀವ ಹೋಗ್ತಿದೆ, ಇವರು ನಿಧಾನಕ್ಕೆ ಸೀಗೆಪುಡಿ ಹಾಕಿ ಕೈ ತೊಳೀತಿದಾರೆ, ಒಂದ್ಸಲ, ಎರಡ್ಸಲ, ಮೂಸಿ ನೋಡಿ ಮೂರನೇ ಸಲ. ಆಮೇಲೆ ಜಗುಲಿಗೆ ಬೆಳಕಿಗೆ ಕರ್ಕೊಂಡು ಬಂದು ಗಲ್ಲ ಹಿಡಿದು ಮುಖ ಮೇಲೆತ್ತಿ, ರೆಪ್ಪೆ ಬಿಡಿಸಿ, ಸೆರಗಿನ ತುದೀನ ಬತ್ತಿ ಥರ ಹೊಸೆದು ಒದ್ದೆ ಮಾಡಿ ಮೆಲ್ಲಗೆ ತೆಗೆದ್ರು. ಅವರ ಉಸಿರು ನನ್ನ ಮುಖಕ್ಕೆ ತಾಗ್ತಿತ್ತು, ಎಲೆಅಡಿಕೆ ವಾಸನೆ. ನೋಡು ಇಷ್ಟೇ ಇದ್ದಿದ್ದು ಅಂತ ಸೆರಗು ತೋರಿಸಿದ್ರು, ಕಂಡೂ ಕಾಣದ ಹಾಗೆ ಒಂದು ಹೊಟ್ಟಿನ ಚೂರು.

ಇನ್ನೊಬ್ಬರ ಕಣ್ಣಿಂದ ಏನಾದ್ರೂ ತೆಗೀಬೇಕಂದ್ರೆ ಅಷ್ಟು ಹತ್ರ ಹೋಗಬೇಕು. ಹತ್ತು ಅಡಿ ದೂರದಿಂದ ನಿನ್ನ ಕಣ್ಣಲ್ಲಿ ರವೆ ಇದೆ ಅಂತ ಕೂಗಬಹುದು, ತೆಗೆಯೋಕಾಗಲ್ಲ. ತೀರ್ಪು ದೂರದಿಂದಾನೇ ಚೆನ್ನಾಗಿ ಬರುತ್ತೆ, ಹತ್ರ ಹೋದ್ರೆ ಕೈ ನಡುಗುತ್ತೆ. ಮತ್ತೆ ನಮ್ಮ ಕಣ್ಣಲ್ಲೇ ತೊಲೆ ನೀಟಾಗಿ ಚಾಚ್ಕೊಂಡಿದ್ರೆ ಹತ್ರ ಹೋಗೋಕೇ ಆಗಲ್ಲ, ಮುಂಚೆ ಆ ಕೊನೆ ಹೋಗಿ ಅವನ ಮುಖಕ್ಕೆ ಗುದ್ದುತ್ತೆ. ಯೇಸುಸ್ವಾಮಿ ಕಪಟಿ ಅಂತಾರಲ್ಲ, ಗ್ರೀಕಲ್ಲಿ ಆ ಪದ ನಾಟಕದ ಪಾತ್ರಧಾರಿಗೆ ಬಳಸೋದು. ವೇಷ ಹಾಕಿ ಡಾಕ್ಟರ್ ಪಾತ್ರ ಮಾಡೋನು ಕಣ್ಣಿಗೆ ಕೈ ಹಾಕಿದ್ರೆ ಏನಾಗುತ್ತೆ ಹೇಳಿ.

ಪೇಂಟರ್ ಕಥೆ ಬಾಕಿ ಇದೆ. ಜನವರಿಯಿಂದ ಅವನು ಆರಾಧನೆಗೆ ಬರ್ಲಿಲ್ಲ. ಹೆಂಡ್ತಿ ಬರ್ತಿದ್ಲು, ಕೊನೇ ಬೆಂಚು, ಆಶೀರ್ವಾದ ಹೇಳೋಕೆ ಮುಂಚೆ ಎದ್ದು ಹೋಗ್ಬಿಡೋಳು, ಯಾಕಂದ್ರೆ ಹೊರಗೆ ಗೇಟ್ ಹತ್ರ ನಾವಿರ್ತೀವಲ್ಲ. ಕಮಿಟಿಯ ಎಂಟು ಜನದಲ್ಲಿ ಒಬ್ಬರೂ ಅವನ ಮನೆಗೆ ಹೋಗಿರಲಿಲ್ಲ. ಹೋಗಿದ್ದು ರಿಟೈರ್ಡ್ ಸ್ಟಾಫ್ ನರ್ಸ್ ಒಬ್ಬರು, ಕಮಿಟೀಲೂ ಇಲ್ಲ, ಮಾತೂ ಸ್ವಲ್ಪ ಒರಟು. ಅವರು ಏನು ಹೇಳಿದ್ರು ಅಂತ ಆಮೇಲೆ ಅವನೇ ನನಗೆ ಹೇಳಿದ. ನೀನು ಕುಡುಕ, ದೇವರ ಮನೆ ದುಡ್ಡು ಕುಡಿದಿದೀಯ, ಹೀಗೇ ಆದ್ರೆ ಲಿವರ್ ಹೋಗಿ ಸಾಯ್ತೀಯ, ನಾನು ಅಂಥೋರನ್ನ ವಾರ್ಡಲ್ಲಿ ನೋಡಿದೀನಿ ಅಂದ್ರಂತೆ. ನಾನು ಮೀಟಿಂಗಲ್ಲಿ ಅಂದಿದ್ದಕ್ಕಿಂತ ಕಠಿಣ. ಅಂದು, ನನ್ನ ಗಂಡನೂ ಹೀಗೇ ಇದ್ರು, ಹದಿನೈದು ವರ್ಷ ನಾನು ಮುಚ್ಚಿಟ್ಕೊಂಡಿದ್ದೆ, ಅದು ನನ್ನ ತಪ್ಪು ಅಂತ ಹೇಳಿ, ಹೆಂಡ್ತಿ ಮಾಡಿದ್ದ ಮುದ್ದೆ ಸೊಪ್ಪಿನ ಸಾರು ಅಲ್ಲೇ ಕೂತು ಉಂಡು ಬಂದ್ರಂತೆ. ಆಮೇಲೂ ಹೋಗ್ತಿದ್ರು, ಬಿಪಿ ನೋಡೋ ನೆಪ.

ಅವನು ಬಿಟ್ನಾ ಅಂತ ಕೇಳ್ಬೇಡಿ. ಬಿಡ್ತಾನೆ, ಹಿಡೀತಾನೆ. ಈ ವರ್ಷ ಪರವಾಗಿಲ್ಲ.

ಜೂನಲ್ಲಿ ಒಂದು ಶನಿವಾರ ಬಂದು ಬಾಕಿ ಗೋಡೆ ಮುಗಿಸ್ತೀನಿ ಅಂದ. ಕೀ ನನ್ನ ಹತ್ರ ಇತ್ತು, ಹೋಗಿ ಬಾಗಿಲು ತೆಗೆದೆ. ಹೆಲ್ಪರ್ ಬಂದಿರಲಿಲ್ಲ, ಏಣಿ ಅಲ್ಲಾಡ್ತಿತ್ತು, ಹಿಡ್ಕೊಳೋಕೆ ನಾನೊಬ್ಬನೇ ಇದ್ದಿದ್ದು. ಹತ್ತಿ ಹಳೇ ಬಣ್ಣ ಕೆರೆಯೋಕೆ ಶುರು ಮಾಡಿದ. ಏನಾದ್ರೂ ಮಾತಾಡ್ಬೇಕು ಅಂತ ನಾನು ತಲೆ ಎತ್ತಿದೆ. ಮೇಷ್ಟ್ರೇ, ಮೇಲೆ ನೋಡ್ಬೇಡಿ, ಕಣ್ಣಿಗೆ ಪುಡಿ ಬೀಳುತ್ತೆ ಅಂದ. ನಾನು ಕೆಳಗೆ ನೋಡ್ಕೊಂಡೇ ಹಿಡ್ಕೊಂಡಿದ್ದೆ, ಮಧ್ಯಾಹ್ನದವರೆಗೆ.

ಬಣ್ಣ ಮಾತ್ರ ಹೊಂದಲಿಲ್ಲ. ಅದೇ ಕಂಪನಿ ಅದೇ ನಂಬರು ತಂದಿದ್ದ, ಆದ್ರೂ ಹಳೇದು ಒಂಚೂರು ಹಳದಿ ತಿರುಗಿತ್ತು. ಆ ಓರೆ ಗೆರೆ ಈಗಲೂ ಕಾಣುತ್ತೆ, ಸಂಡೇ ಸ್ಕೂಲ್ ಹಾಜರಿ ಚಾರ್ಟ್ ಅಲ್ಲೇ ನೇತಾಕಿದೀವಿ, ಪೂರ್ತಿ ಮುಚ್ಚಲ್ಲ.